ಗೊತ್ತಿದ್ದ ಪದಗಳೇ ಕೈಕೊಡುವುದು: ಹೊರದೇಶಕ್ಕೆ ಹೊಸದಾಗಿ ಬಂದವರಿಗೆ

ನೀವು ಹೊರದೇಶಕ್ಕೆ ಬಂದ ವಾರದೊಳಗೆ ಯಾರಾದರೂ ಒಂದು ಪಟ್ಟಿ ಕಳಿಸಿಯೇ ಕಳಿಸುತ್ತಾರೆ. ಬ್ರಿಟನ್ನಿನಲ್ಲಿ ಪ್ಯಾಂಟ್ಸ್ ಅಂದರೆ ಒಳಉಡುಪು, ಅಮೆರಿಕದಲ್ಲಿ ರಬ್ಬರ್ ಅಂದರೆ ಪೆನ್ಸಿಲ್ ಗುರುತು ಅಳಿಸುವ ವಸ್ತು ಅಲ್ಲ, ಕಾಂಡೋಮ್, ಆಸ್ಟ್ರೇಲಿಯಾದಲ್ಲಿ ಥಾಂಗ್ಸ್ ಅಂದರೆ ಹವಾಯಿ ಚಪ್ಪಲಿ. ಓದಿ, ನಕ್ಕು, ಮರೆತುಬಿಡಿ. ಚಿಪ್ಸ್ ಕೇಳಿದಾಗ ಬಿಸಿಬಿಸಿ ಆಲೂಗಡ್ಡೆ ಕಡ್ಡಿಗಳು ಬಂದರೆ ಕಳೆದುಕೊಂಡದ್ದೇನೂ ಇಲ್ಲ, ತಿಂದರಾಯಿತು.

ನಾನು ಹೇಳಹೊರಟಿರುವುದು ಬೇರೆ ಬಗೆಯ ಪದಗಳ ಬಗ್ಗೆ. ತೆರಿಗೆ ಫಾರಂ, ವಿಮೆಯ ಕಾಗದ, ಆಫರ್ ಲೆಟರ್, ವೀಸಾ ಪತ್ರ ಇವುಗಳಲ್ಲಿ ಬರುವ, ಹೈಸ್ಕೂಲಿನಿಂದಲೂ ನಮಗೆ ಪರಿಚಯವಿರುವ ಸಾದಾ ಪದಗಳು. ಗೊತ್ತಿಲ್ಲದ ಪದ ಕಂಡರೆ ಯಾರನ್ನಾದರೂ ಕೇಳುತ್ತೇವೆ. ಇವನ್ನು ಮಾತ್ರ ಕೇಳುವುದಿಲ್ಲ. ಅರ್ಥವಾಯಿತು ಅಂದುಕೊಂಡು ಸಹಿ ಹಾಕಿಬಿಡುತ್ತೇವೆ.

ಮೊದಲು ನಮ್ಮ ಬಾಯಲ್ಲೇ ಇರುವುದನ್ನು ನೋಡೋಣ. ಡೌಟು, ಹೋಟ್ಲು, ಡಿಕ್ಕಿ, ಸ್ಟೆಪ್ನಿ ಎಲ್ಲವೂ ಇಂಗ್ಲಿಷಿನಿಂದ ಬಂದವು, ಆದರೆ ಬಹಳ ಹಿಂದೆಯೇ ನಮ್ಮ ಮನೆಯವಾಗಿವೆ. ಅವುಗಳಿಗೆ ನಾವು ಕೊಟ್ಟಿರುವ ಅರ್ಥ ಕನ್ನಡದ ಅರ್ಥ. ಮೀಟಿಂಗಿನಲ್ಲಿ ಬಾಸ್ ಏನೋ ವಿವರಿಸಿದ ಮೇಲೆ ಕೈ ಎತ್ತಿ 'ಐ ಹ್ಯಾವ್ ಎ ಡೌಟ್' ಅಂದರೆ ಅವರ ಕಿವಿಗೆ ಬೀಳುವುದು 'ನೀವು ಹೇಳಿದ್ದನ್ನು ನಾನು ನಂಬುವುದಿಲ್ಲ' ಎಂದು. ಕ್ವೆಶ್ಚನ್ ಅನ್ನಿ, ಸಾಕು. ಹೋಟೆಲ್ಲಿಗೆ ಊಟಕ್ಕೆ ಹೋಗೋಣ ಅಂದರೆ ತಂಗುವ ಜಾಗದಲ್ಲಿ ಊಟ ಯಾಕೆ ಎಂದು ನೋಡುತ್ತಾರೆ. ಸ್ಟೆಪ್ನಿಯ ಕಥೆ ಇನ್ನೂ ಚೆನ್ನ: ಈ ಹೆಸರು ಹುಟ್ಟಿದ್ದೇ ಬ್ರಿಟನ್ನಿನ ವೇಲ್ಸ್‌ನಲ್ಲಿ, ಲನೆಥ್ಲಿ ಊರಿನ ಸ್ಟೆಪ್ನಿ ಸ್ಟ್ರೀಟಿನಿಂದ, 1904ರ ಹೊತ್ತಿಗೆ. ಇವತ್ತು ಅದೇ ಬ್ರಿಟನ್ನಿನಲ್ಲಿ ಗ್ಯಾರೇಜಿನವನಿಗೆ ಸ್ಟೆಪ್ನಿ ಅಂದರೆ ಅರ್ಥವಾಗುವುದಿಲ್ಲ, ನಾವು ಉಳಿಸಿಕೊಂಡಿದ್ದೇವೆ. ಸ್ಪೇರ್ ಅಂದರೆ ಎಲ್ಲ ಕಡೆ ನಡೆಯುತ್ತದೆ.

ಪಾಸ್ ಅನ್ನುವ ಪದದ ಹತ್ತಿರ ಸ್ವಲ್ಪ ನಿಲ್ಲಬೇಕು. ಇಂಟರ್‌ವ್ಯೂನಲ್ಲಿ ನಮ್ಮ ಹುಡುಗರು 'ಐ ಪಾಸ್ಡ್ ಔಟ್ ಇನ್ 2022' ಅನ್ನುತ್ತಾರೆ. ಕೇಳುವವರಿಗೆ 2022ರಲ್ಲಿ ಎಚ್ಚರ ತಪ್ಪಿ ಬಿದ್ದೆ ಎಂದಂತೆ. ಗ್ರ್ಯಾಜುಯೇಟೆಡ್ ಅನ್ನಬೇಕು. ಪಾಸ್ಡ್ ಅವೇ ಅಂದರೆ ತೀರಿಕೊಂಡರು. ಬರೀ ಪಾಸ್ಡ್ ಅಂದರೂ ಎಷ್ಟೋ ಸಲ ತೀರಿಕೊಂಡರು ಎಂದೇ. 'ಹರ್ ಮದರ್ ಪಾಸ್ಡ್ ಲಾಸ್ಟ್ ವೀಕ್' ಎಂದು ಕೇಳಿ ಯಾವ ಪರೀಕ್ಷೆ ಎಂದು ವಿಚಾರಿಸಬೇಡಿ. 'ಐ ವಿಲ್ ಪಾಸ್' ಅಂದರೆ ನನಗೆ ಬೇಡ ಎಂದರ್ಥ. ಅಜ್ಜಿ ತೀರಿಕೊಂಡಾಗ ರಜೆ ಕೇಳಿ ಬರೆಯುವ ಮೇಲ್‌ನಲ್ಲಿ ಎಕ್ಸ್‌ಪೈರ್ಡ್ ಎಂದು ಬರೆಯಬೇಡಿ. ಇಲ್ಲಿ ಎಕ್ಸ್‌ಪೈರ್ ಆಗುವುದು ಹಾಲಿನ ಡಬ್ಬಿ ಮತ್ತು ಪಾಸ್‌ಪೋರ್ಟ್. ಹಾಗೆಯೇ ರಜೆ ಸ್ಯಾಂಕ್ಷನ್ ಆಯಿತು ಎನ್ನುವ ನಮ್ಮ ಮಾತು: ಸ್ಯಾಂಕ್ಷನ್ನಿಗೆ ಒಪ್ಪಿಗೆ ಎಂಬ ಅರ್ಥವೂ ಇದೆ, ದಂಡನೆ ಎಂಬ ಅರ್ಥವೂ ಇದೆ, ಇಲ್ಲಿ ಜನಕ್ಕೆ ಮೊದಲು ನೆನಪಾಗುವುದು ಎರಡನೆಯದು. ಅಪ್ರೂವ್ಡ್ ಅನ್ನಿ.

ಈಗ ಕಾಗದಪತ್ರಕ್ಕೆ ಬರೋಣ. ಅಮೆರಿಕಕ್ಕೆ ಬಂದವರಿಗೆ ನನ್ನ ಲೆಕ್ಕದಲ್ಲಿ ಅತ್ಯಂತ ಮೋಸದ ಪದ ಎಕ್ಸೆಂಪ್ಟ್. ವಿನಾಯಿತಿ, ಅಷ್ಟೇ ತಾನೇ? ಯಾವುದರಿಂದ ವಿನಾಯಿತಿ ಅನ್ನುವುದು ಕಾಗದದಿಂದ ಕಾಗದಕ್ಕೆ ಬದಲಾಗುತ್ತದೆ. ಆಫರ್ ಲೆಟರಿನಲ್ಲಿ ಎಕ್ಸೆಂಪ್ಟ್ ಎಂದಿದ್ದರೆ ನಿಮಗೆ ಓವರ್‌ಟೈಮ್ ಇಲ್ಲ ಎಂದರ್ಥ. 1938ರ ಫೇರ್ ಲೇಬರ್ ಸ್ಟ್ಯಾಂಡರ್ಡ್ಸ್ ಕಾನೂನಿನ ಪ್ರಕಾರ ವಾರಕ್ಕೆ 40 ಗಂಟೆ ಮೀರಿದ ಕೆಲಸಕ್ಕೆ ಒಂದೂವರೆ ಪಟ್ಟು ಕೂಲಿ ಕೊಡಬೇಕು. ಆ ನಿಯಮದಿಂದ ಹೊರಗಿಟ್ಟ ನೌಕರಿ ಎಕ್ಸೆಂಪ್ಟ್. ಅಂದರೆ ವಿನಾಯಿತಿ ನಿಮ್ಮ ಕಂಪನಿಗೆ, ನಿಮಗಲ್ಲ. ಕೆಲಸಕ್ಕೆ ಸೇರಿದ ದಿನ ತುಂಬುವ ಡಬ್ಲ್ಯೂ-4 ಫಾರಂನಲ್ಲಿ ಅದೇ ಪದ ಬಂದರೆ ಅರ್ಥ ಬೇರೆ: ಸಂಬಳದಿಂದ ಆದಾಯ ತೆರಿಗೆ ಮುರಿದುಕೊಳ್ಳಬೇಡಿ ಎಂದು. ಇದನ್ನು ತಪ್ಪಾಗಿ ಬರೆದರೆ ವರ್ಷದ ಕೊನೆಗೆ ಪೂರ್ತಿ ತೆರಿಗೆ ಒಟ್ಟಿಗೇ ಕಟ್ಟಬೇಕಾಗುತ್ತದೆ, ಮೇಲೆ ದಂಡವೂ ಬೀಳಬಹುದು. ಇನ್ನು ಎಫ್-1 ವೀಸಾದ ವಿದ್ಯಾರ್ಥಿಗಳನ್ನು ತೆರಿಗೆ ಇಲಾಖೆ ಮೊದಲ 5 ಕ್ಯಾಲೆಂಡರ್ ವರ್ಷ ಎಕ್ಸೆಂಪ್ಟ್ ಇಂಡಿವಿಜುವಲ್ ಎಂದು ಕರೆಯುತ್ತದೆ. ಓದಿದವರೆಲ್ಲ ತೆರಿಗೆಯೇ ಇಲ್ಲ ಎಂದು ಹಿಗ್ಗುತ್ತಾರೆ. ಇಲ್ಲ ಸ್ವಾಮಿ, ವಿನಾಯಿತಿ ಸಿಕ್ಕಿರುವುದು ದಿನಗಳ ಎಣಿಕೆಯಿಂದ. ನೀವು ಇಲ್ಲಿ ಕಳೆದ ದಿನಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅಷ್ಟು ಮಾತ್ರ. ದುಡಿದ ಹಣಕ್ಕೆ ತೆರಿಗೆ ಇದ್ದೇ ಇದೆ, ಏನೂ ದುಡಿಯದಿದ್ದರೂ 8843 ಎಂಬ ಫಾರಂ ಕಳಿಸಲೇಬೇಕು.

ಯಾವ ಲೆಕ್ಕದ ದಿನಗಳು? ರೆಸಿಡೆಂಟ್ ಆಗುವ ಲೆಕ್ಕದ್ದು. ಅದೂ ಇಂಥದ್ದೇ ಪದ. ಗ್ರೀನ್ ಕಾರ್ಡ್ ಇರುವವರು ಪರ್ಮನೆಂಟ್ ರೆಸಿಡೆಂಟ್. ಆದರೆ ತೆರಿಗೆ ಇಲಾಖೆ ನಿಮ್ಮನ್ನು ರೆಸಿಡೆಂಟ್ ಅನ್ನಲು ಗ್ರೀನ್ ಕಾರ್ಡೇ ಬೇಕೆಂದಿಲ್ಲ. ಈ ವರ್ಷ ಕನಿಷ್ಠ 31 ದಿನ ಇಲ್ಲಿದ್ದು, ಈ ವರ್ಷದ ಎಲ್ಲ ದಿನ, ಹಿಂದಿನ ವರ್ಷದ ದಿನಗಳ ಮೂರರಲ್ಲೊಂದು ಪಾಲು, ಅದರ ಹಿಂದಿನ ವರ್ಷದ ಆರರಲ್ಲೊಂದು ಪಾಲು ಕೂಡಿಸಿದಾಗ 183 ಮುಟ್ಟಿದರೆ ಸಾಮಾನ್ಯವಾಗಿ ನೀವು ತೆರಿಗೆಯ ಮಟ್ಟಿಗೆ ರೆಸಿಡೆಂಟ್. ಎಚ್-1ಬಿ ಎಂಬ ಕೆಲಸದ ವೀಸಾ ಮೇಲೆ ಬಂದ ಬಹುತೇಕರು ಹೀಗೆ ಬೇಗನೆ ರೆಸಿಡೆಂಟ್ ಆಗಿಬಿಡುತ್ತಾರೆ, ವಲಸೆ ಇಲಾಖೆಯ ಕಣ್ಣಿಗೆ ಮಾತ್ರ ಇನ್ನೂ ತಾತ್ಕಾಲಿಕರೇ. ಇದರ ಪರಿಣಾಮ ಸಣ್ಣದಲ್ಲ. ತೆರಿಗೆಯ ರೆಸಿಡೆಂಟ್ ಆದ ಮೇಲೆ ಭಾರತದ ಬ್ಯಾಂಕಿನ ಬಡ್ಡಿ, ಅಲ್ಲಿನ ಮನೆ ಬಾಡಿಗೆ ಎಲ್ಲವನ್ನೂ ಇಲ್ಲಿ ತೋರಿಸಬೇಕು. ಹೊರದೇಶದ ಖಾತೆಗಳ ಒಟ್ಟು ಮೊತ್ತ ವರ್ಷದಲ್ಲಿ ಒಮ್ಮೆಯಾದರೂ 10,000 ಡಾಲರ್ ದಾಟಿದ್ದರೆ ಅದಕ್ಕೆ ಪ್ರತ್ಯೇಕ ವರದಿ ಕೊಡಬೇಕು. ಕಾಲೇಜಿನವರು ಇನ್-ಸ್ಟೇಟ್ (ಇದೇ ರಾಜ್ಯದ) ರೆಸಿಡೆಂಟಾ ಎಂದು ಕೇಳಿದರೆ ಅದು ಮೂರನೇ ಲೆಕ್ಕ, ಫೀಸಿಗೆ ಸಂಬಂಧಿಸಿದ್ದು. ಆಸ್ಪತ್ರೆಯಲ್ಲಿ ರೆಸಿಡೆಂಟ್ ಬಂದು ನೋಡುತ್ತಾರೆ ಅಂದರೆ ತರಬೇತಿಯಲ್ಲಿರುವ ಡಾಕ್ಟರು. ಫಾರಂನಲ್ಲಿ ರೆಸಿಡೆಂಟ್ ಎಂದು ಕಂಡಾಗ ಪೆನ್ನು ಕೆಳಗಿಟ್ಟು, ಈ ಕಾಗದ ಯಾವ ಇಲಾಖೆಯದು ಎಂದು ಮೊದಲು ನೋಡಿ. ಹೌದು-ಅಲ್ಲ ಎಂಬ ಉತ್ತರ ಅದರ ಮೇಲೆ ನಿಂತಿದೆ.

ವೀಸಾದ ಮೇಲಿರುವ ಎಕ್ಸ್‌ಪಿರೇಷನ್ ದಿನಾಂಕವೂ ಹೀಗೇ. ಅಮೆರಿಕದಲ್ಲಿ ವೀಸಾ ಬಾಗಿಲವರೆಗಿನ ಚೀಟಿ. ಒಳಗೆ ಎಷ್ಟು ದಿನ ಇರಬಹುದು ಅನ್ನುವುದನ್ನು ಹೇಳುವುದು ಐ-94 ಎಂಬ ಪ್ರವೇಶದ ದಾಖಲೆ. ಅಪ್ಪ ಅಮ್ಮನ ವೀಸಾದಲ್ಲಿ ಹತ್ತು ವರ್ಷ ಎಂದಿದ್ದರೆ ಹತ್ತು ವರ್ಷ ಇರಬಹುದು ಎಂದಲ್ಲ. ಪ್ರತಿ ಸಲ ಬಂದಿಳಿದ ಮೇಲೆ ಐ-94ರಲ್ಲಿ 'ಅಡ್ಮಿಟ್ ಅಂಟಿಲ್' ಎಂಬ ಸಾಲಿನಲ್ಲಿರುವ ದಿನಾಂಕ ತೆಗೆದು ನೋಡಿ, ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ.

ಬ್ರಿಟನ್ನಿನ ವಲಸೆ ಕಾಗದಗಳಲ್ಲಿ ಎದುರಾಗುವುದು ಲೀವ್ ಟು ರಿಮೇನ್. ಬಿಡು, ಉಳಿ ಎರಡೂ ಒಟ್ಟಿಗೆ ಇದ್ದಂತೆ ಕಂಡು ತಲೆ ತಿರುಗುತ್ತದೆ. ಇಲ್ಲಿ ಲೀವ್ ಅಂದರೆ ಹೊರಡುವುದೂ ಅಲ್ಲ, ರಜೆಯೂ ಅಲ್ಲ, ಅನುಮತಿ. ಅದರ ಜೊತೆಗೆ ಬರುವ 'ನೋ ರಿಕೋರ್ಸ್ ಟು ಪಬ್ಲಿಕ್ ಫಂಡ್ಸ್' ನೋಡಿ ಕೆಲವರು ಸರ್ಕಾರಿ ಆಸ್ಪತ್ರೆಗೆ ಹೋಗುವಂತಿಲ್ಲ, ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸುವಂತಿಲ್ಲ ಎಂದು ಹೆದರುತ್ತಾರೆ. ಪಬ್ಲಿಕ್ ಫಂಡ್ಸ್ ಅನ್ನುವುದು ಕಾನೂನಿನಲ್ಲಿ ಪಟ್ಟಿ ಮಾಡಿದ ಕೆಲವು ಭತ್ಯೆ, ವಸತಿ ಸಹಾಯಗಳಿಗೆ ಮಾತ್ರ ಅನ್ವಯ. ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಚಿಕಿತ್ಸೆ ಮತ್ತು ಸರ್ಕಾರಿ ಶಾಲೆ ಆ ಪಟ್ಟಿಯಲ್ಲಿಲ್ಲ. ಶಾಲೆಯ ಮಾತು ಬಂದದ್ದರಿಂದ ಹೇಳುತ್ತೇನೆ: ಅಮೆರಿಕದಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಫೀಸಿಲ್ಲದ ಸರ್ಕಾರಿ ಶಾಲೆ, ಇಂಗ್ಲೆಂಡಿನಲ್ಲಿ ಪಬ್ಲಿಕ್ ಸ್ಕೂಲ್ ಅಂದರೆ ಈಟನ್, ಹ್ಯಾರೋ ಥರದ ಭಾರೀ ಫೀಸಿನ ಖಾಸಗಿ ಶಾಲೆ. ಅಲ್ಲಿ ಡಾಕ್ಟರ ಸರ್ಜರಿಗೆ ಬನ್ನಿ ಅಂದರೂ ಗಾಬರಿ ಬೇಡ, ಕ್ಲಿನಿಕ್ಕಿಗೆ ಕರೆದದ್ದು.

ಆರೋಗ್ಯ ವಿಮೆ. ಅಮೆರಿಕದಲ್ಲಿ ನಮ್ಮವರ ದುಡ್ಡು ಹೆಚ್ಚು ಪೋಲಾಗುವುದು ಇಲ್ಲೇ. ಕವರ್ಡ್ ಅಂದರೆ ಫ್ರೀ ಅಲ್ಲ. ಆ ಚಿಕಿತ್ಸೆ ವಿಮೆಯ ವ್ಯಾಪ್ತಿಗೆ ಬರುತ್ತದೆ, ಅಷ್ಟೇ. ಡಿಡಕ್ಟಿಬಲ್ ಅಂದರೆ ಬಿಲ್ಲಿನಲ್ಲಿ ಕಳೆಯುವ ಮೊತ್ತ ಅಲ್ಲ. ವಿಮೆಯವರು ಕೈ ಹಾಕುವ ಮೊದಲು ನಿಮ್ಮ ಜೇಬಿನಿಂದ ಹೋಗಬೇಕಾದ ಮೊತ್ತ. ಬ್ರಿಟನ್, ಆಸ್ಟ್ರೇಲಿಯಾದ ವಿಮೆಗಳಲ್ಲಿ ಇದಕ್ಕೆ ಎಕ್ಸೆಸ್ ಅನ್ನುತ್ತಾರೆ. ವರ್ಷಕ್ಕೊಮ್ಮೆ ಮಾಡಿಸುವ ಪ್ರಿವೆಂಟಿವ್ ತಪಾಸಣೆ ಸಾಮಾನ್ಯವಾಗಿ ಉಚಿತ, ಆದರೆ ಅದೇ ಭೇಟಿಯಲ್ಲಿ ಮಂಡಿ ನೋವಿನ ಮಾತೆತ್ತಿ ಡಾಕ್ಟರು ಪರೀಕ್ಷೆ ಬರೆದರೆ ಅದು ಡಯಾಗ್ನಾಸ್ಟಿಕ್ ಆಗಿ ಬಿಲ್ ಬರಬಹುದು. ಆಸ್ಪತ್ರೆಯಲ್ಲಿ ರಾತ್ರಿಯೆಲ್ಲ ಮಲಗಿದ್ದರೂ ಫೈಲಿನಲ್ಲಿ ಅಬ್ಸರ್ವೇಷನ್ ಎಂದಿದ್ದರೆ ನೀವು ಅಡ್ಮಿಟ್ ಆದಂತಲ್ಲ, ಔಟ್‌ಪೇಷೆಂಟ್ ಲೆಕ್ಕ. ಆಮೇಲೆ ವಿಮೆಯವರಿಂದ ಬಿಲ್ಲಿನ ಹಾಗೇ ಕಾಣುವ ಒಂದು ಕಾಗದ ಬರುತ್ತದೆ. ಅದರ ಮೇಲೆಯೇ 'ದಿಸ್ ಈಸ್ ನಾಟ್ ಎ ಬಿಲ್' ಎಂದು ಬರೆದಿರುತ್ತದೆ. ನಂಬಿ. ಆಸ್ಪತ್ರೆಯ ಬಿಲ್ ಬೇರೆ ಬರುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟು ತಾಳೆ ನೋಡಿದ ಮೇಲೆ ದುಡ್ಡು ಕಟ್ಟಿ.

ಅಪ್ಪ ಅಮ್ಮನಿಗೆ ಕೊಳ್ಳುವ ವಿಸಿಟರ್ ಇನ್ಶೂರೆನ್ಸಿನಲ್ಲಿ 'ಅಕ್ಯೂಟ್ ಆನ್‌ಸೆಟ್ ಆಫ್ ಪ್ರಿ-ಎಕ್ಸಿಸ್ಟಿಂಗ್ ಕಂಡಿಷನ್ಸ್' ಎಂದಿರುತ್ತದೆ. ಅಕ್ಯೂಟ್ ಅಂದರೆ ತೀವ್ರ ಅಂದುಕೊಳ್ಳುತ್ತೇವೆ, ವೈದ್ಯರ ಭಾಷೆಯಲ್ಲಿ ಅದು ದಿಢೀರನೆ ಬಂದದ್ದು. ಹಳೇ ಸಕ್ಕರೆ ಕಾಯಿಲೆಗೆ ಮಾಮೂಲಿ ತಪಾಸಣೆ, ಮಾತ್ರೆ ಇದರಲ್ಲಿ ಬರುವುದಿಲ್ಲ. ಸ್ಕ್ಯಾನ್ ವರದಿಯಲ್ಲಿ ಅನ್‌ರಿಮಾರ್ಕಬಲ್ ಎಂದಿದ್ದರೆ ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ: ತೊಂದರೆ ಏನೂ ಕಾಣಲಿಲ್ಲ ಎಂದು.

ಹೊತ್ತು, ಮಹಡಿ, ದಿನಾಂಕ ಬೇಗ ಮುಗಿಸುತ್ತೇನೆ. ಬ್ರಿಟನ್ನಿನಲ್ಲಿ ಫಸ್ಟ್ ಫ್ಲೋರ್ ನಮ್ಮ ಹಾಗೆಯೇ ಒಂದು ಮೆಟ್ಟಿಲು ಸಾಲು ಹತ್ತಿದ ಮೇಲೆ. ಅಮೆರಿಕದಲ್ಲಿ ಸಾಮಾನ್ಯವಾಗಿ ನೆಲಮಟ್ಟದ್ದೇ ಫಸ್ಟ್. 03/04 ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್ನಿನಲ್ಲಿ ಏಪ್ರಿಲ್ 3. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, ತಕರಾರಿಲ್ಲ. ಬ್ರಿಟನ್ನಿನವರು ಹಾಫ್ ಸೆವೆನ್ ಅಂದರೆ ಏಳೂವರೆ. ಜರ್ಮನಿಯಲ್ಲಿ ಅದೇ ಥರ ಕೇಳಿಸುವ ಮಾತಿಗೆ ಆರೂವರೆ. ಸಂಬಳ ಬೈವೀಕ್ಲಿ ಅಂದರೆ ಎರಡು ವಾರಕ್ಕೊಮ್ಮೆ, ವರ್ಷಕ್ಕೆ 26 ಸಲ. ಸೆಮಿಮಂತ್ಲಿ ಅಂದರೆ ತಿಂಗಳಿಗೆ ಎರಡು, ವರ್ಷಕ್ಕೆ 24. ನೆಕ್ಸ್ಟ್ ಫ್ರೈಡೇ ಯಾವ ಶುಕ್ರವಾರ ಅನ್ನುವುದು ಇಂಗ್ಲಿಷಿನವರಿಗೇ ಇತ್ಯರ್ಥವಾಗಿಲ್ಲ, ತಾರೀಖು ಕೇಳಿಬಿಡಿ.

ಆಫೀಸಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡೋಣ ಅಂದರೆ ಬ್ರಿಟನ್ನಿನಲ್ಲಿ ಈಗಲೇ ಚರ್ಚೆಗೆ ತರೋಣ, ಅಮೆರಿಕದಲ್ಲಿ ಸದ್ಯಕ್ಕೆ ಬದಿಗಿಡೋಣ. ಎರಡನೇ ಮಹಾಯುದ್ಧದ ಕಾಲದಲ್ಲಿ ಎರಡೂ ದೇಶಗಳ ಸೇನಾಧಿಕಾರಿಗಳು ಇದೇ ಪದಕ್ಕೆ ಬಹಳ ಹೊತ್ತು ಜಗಳವಾಡಿ, ಕೊನೆಗೆ ಇಬ್ಬರೂ ಬಯಸಿದ್ದು ಒಂದೇ ಎಂದು ಅರಿತದ್ದನ್ನು ಚರ್ಚಿಲ್ಲರೇ ಬರೆದಿದ್ದಾರೆ. ಬ್ರಿಟಿಷ್ ಮ್ಯಾನೇಜರ್ ನಿಮ್ಮ ಕೆಲಸವನ್ನು ಕ್ವೈಟ್ ಗುಡ್ ಅಂದರೆ ಪರವಾಗಿಲ್ಲ ಅನ್ನುವ ಮಟ್ಟದ್ದು ಇರಬಹುದು, ಅಮೆರಿಕದವರು ಅಂದರೆ ತುಂಬಾ ಚೆನ್ನಾಗಿದೆ. ರಿಡಂಡಂಟ್ ಪದ ಬ್ರಿಟನ್ನಿನಲ್ಲಿ ಮೇಲ್‌ನಲ್ಲಿ ಬಂದರೆ ಅದು ವ್ಯಾಕರಣ ಅಲ್ಲ, ನೌಕರಿ ಹೋಗುವ ಮಾತು. ಮಿಕ್ಕೆಲ್ಲ ಬಿಟ್ಟು ಅದನ್ನು ಪೂರ್ತಿ ಓದಿ. ಅಮೆರಿಕದಲ್ಲಿ ಲೆಟ್ ಗೋ ಅಂದರೂ ಅದೇ. ಆಸ್ಟ್ರೇಲಿಯಾದಲ್ಲಿ ಯಾರಾದರೂ ಮನೆಗೆ ಕರೆದು 'ಬ್ರಿಂಗ್ ಎ ಪ್ಲೇಟ್' ಅಂದರೆ ಖಾಲಿ ತಟ್ಟೆ ಹಿಡಿದು ಹೋಗಬೇಡಿ, ಏನಾದರೂ ಮಾಡಿಕೊಂಡು ಹೋಗಿ.

ಎಲ್ಲಕ್ಕಿಂತ ಅಪಾಯದ ಎರಡು ಪದಗಳನ್ನು ಕೊನೆಗೆ ಇಟ್ಟುಕೊಂಡಿದ್ದೇನೆ: ಯೆಸ್, ನೋ. ಊಟ ಆಗಿಲ್ವಾ ಅಂದರೆ ನಾವು 'ಹೂಂ, ಆಗಿಲ್ಲ' ಅನ್ನುತ್ತೇವೆ. ಕೇಳಿದವರ ಮಾತು ಸರಿ ಅನ್ನುವುದಕ್ಕೆ ನಮ್ಮ ಹೂಂ. ಇಂಗ್ಲಿಷಿನ ಯೆಸ್‌ಗೆ ಆ ಕೆಲಸ ಇಲ್ಲ, ಅದು ನಡೆದ ಸಂಗತಿಗೆ ಮಾತ್ರ ಅಂಟಿಕೊಳ್ಳುತ್ತದೆ. ಆಗಿಲ್ಲವಾದರೆ ನೋ, ಪ್ರಶ್ನೆ ಹೇಗೇ ಇರಲಿ. 'ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್' ಎಂದು ಕೇಳಿದವರಿಗೆ ಉದಾರವಾಗಿ ಯೆಸ್ ಅಂದರೆ ಕೂರಬೇಡ ಎಂದಂತೆ. ಬಸ್ಸಿನಲ್ಲಿ ಇದು ನಗೆಪಾಟಲು, ಕಸ್ಟಮ್ಸ್ ಕೌಂಟರಿನಲ್ಲಿ ಅಲ್ಲ. 'ಯೂ ಆರ್ ನಾಟ್ ಕ್ಯಾರಿಯಿಂಗ್ ಎನಿ ಸೀಡ್ಸ್ ಆರ್ ಫ್ರೂಟ್ಸ್?' ಎಂದು ಅಧಿಕಾರಿ ಕೇಳುತ್ತಾರೆ, ಅಮ್ಮ ತಲೆಯಾಡಿಸಿ 'ಯೆಸ್ ಯೆಸ್' ಅನ್ನುತ್ತಾರೆ, ಪೆಟ್ಟಿಗೆ ಎಲ್ಲವೂ ಟೇಬಲ್ಲಿನ ಮೇಲೆ ಬಿಚ್ಚಿಕೊಳ್ಳುತ್ತದೆ. ತಲೆಯಾಡಿಸುವ ನಮ್ಮ ಶೈಲಿ ಹೌದೋ ಅಲ್ಲವೋ ಎಂದು ಅವರಿಗೆ ಮೊದಲೇ ಗೊತ್ತಾಗುವುದಿಲ್ಲ.

ಆದ್ದರಿಂದ ಬರೀ ಯೆಸ್, ನೋ ಬೇಡ, ನಿಮ್ಮನ್ನು ನೋಡಲು ಬರುವ ಅಪ್ಪ ಅಮ್ಮ ಪೂರ್ತಿ ವಾಕ್ಯ ಹೇಳಲಿ: 'ಐ ಹ್ಯಾವ್ ನೋ ಫ್ರೂಟ್ಸ್', ಇದ್ದರೆ 'ಐ ಹ್ಯಾವ್ ಟೂ ಮ್ಯಾಂಗೋಸ್'. ಇದ್ದದ್ದನ್ನು ಇದೆ ಎಂದು ಮೊದಲೇ ತೋರಿಸಿದರೆ ಹೆಚ್ಚೆಂದರೆ ಹಣ್ಣು ಹೋಗುತ್ತದೆ, ಮುಚ್ಚಿಟ್ಟದ್ದು ಸಿಕ್ಕಿಬಿದ್ದರೆ ದಂಡ ಬೀಳಬಹುದು. ಅವರು ಹೊರಡುವ ಹಿಂದಿನ ವಾರ ಫೋನಿನಲ್ಲಿ ನೀವೇ ಅಧಿಕಾರಿಯಾಗಿ ಇಂಥ ಉಲ್ಟಾ ಪ್ರಶ್ನೆಗಳನ್ನು ಕೇಳಿ, ಒಂದೆರಡು ಸಲ ಉತ್ತರ ಹೇಳಿಸಿ. ಅಪ್ಪ ಇದೆಲ್ಲ ನನಗೆ ಗೊತ್ತು ಅಂದರೂ ಬಿಡಬೇಡಿ.