ಬೋರ್ ನೀರಿನ ಊರಲ್ಲಿ ಗೀಸರ್ ಕೈ ಕೊಡ್ತಿದ್ರೆ ಏನ್ ಮಾಡ್ಬೇಕು

ಕೋಲಾರ, ಬಂಗಾರಪೇಟೆ, ಮುಳಬಾಗಿಲು, ಶ್ರೀನಿವಾಸಪುರ ಕಡೆ ಯಾರ ಮನೇಲಿ ಕೇಳಿದ್ರೂ ಗೀಸರ್ ಬಗ್ಗೆ ಒಂದೇ ಗೋಳು. ಒಂದಿನ ಹೊಗೆಯಾಡೋ ಬಿಸಿ ನೀರು ಬರತ್ತೆ, ಮಾರನೇ ದಿನ ಉಗುರು ಬೆಚ್ಚಗೆ, ಇನ್ನೊಂದಿನ ಸ್ವಿಚ್ ಹಾಕಿದ ತಕ್ಷಣ ಮನೆ ಕರೆಂಟೇ ಹೋಗತ್ತೆ. ಆಗ ಎಲ್ರೂ ಕಂಪನಿ ಬೈದು ಬೇರೆ ಕಂಪನಿದು ತರ್ತಾರೆ. ದಯವಿಟ್ಟು ಹಾಗೆ ದುಡ್ಡು ಹಾಕೋ ಮೊದ್ಲು ನಿಮ್ಮ ನೀರು ಹೇಗಿದೆ, ವೋಲ್ಟೇಜ್ ಎಷ್ಟಿದೆ ಅಂತ ನೋಡಿ, ಯಾಕಂದ್ರೆ ಹೊಸ ಗೀಸರ್‌ಗೂ ಅದೇ ನೀರು, ಅದೇ ಕರೆಂಟ್ ತಾನೆ ಹೋಗೋದು.

ನಮ್ಮ ಕಡೆ ವರ್ಷಪೂರ್ತಿ ಹರಿಯೋ ನದಿ ಇಲ್ಲ, ಬೋರ್ 1000 ಅಡಿ ದಾಟಿ ಕೊರೆಸಿರೋ ಮನೆಗಳು ಬೇಕಾದಷ್ಟಿವೆ, ಅಷ್ಟು ಆಳದಲ್ಲಿ ಬಂಡೆ ಸಂದಿಯಲ್ಲಿ ನಿಂತಿರೋ ನೀರಲ್ಲಿ ಕ್ಯಾಲ್ಸಿಯಂ ಮೆಗ್ನೀಸಿಯಂ ಜಾಸ್ತಿ ಕರಗಿರತ್ತೆ. ಸೋಪು ನೊರೆ ಬರಲ್ಲ, ಬೇಳೆ ಬೇಗ ಬೇಯಲ್ಲ, ನಲ್ಲಿ ಬಾಯಲ್ಲಿ ಬಿಳಿ ಕಟ್ಟಿರತ್ತೆ ಅಂದ್ರೆ ಅದೇ. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆ ನೀರು ಶುದ್ಧ ಮಾಡಿ ಕಳಿಸೋದು) ಕೆರೆಗಳಿಗೆ ಬರ್ತಾ ಇರೋದ್ರಿಂದ ಕೆಲವು ಕಡೆ ಬತ್ತಿದ ಬೋರಲ್ಲೂ ನೀರು ಬಂದಿದೆ, ಅದು ಸಂತೋಷ, ಆದ್ರೆ ಬೋರಲ್ಲಿ ನೀರು ಬರೋದೇ ಬೇರೆ, ಆ ನೀರು ಮೆದು ಆಗೋದೇ ಬೇರೆ. ಗಡಸು ನೀರು ಕಾದಾಗ ಅದರಲ್ಲಿರೋ ಸುಣ್ಣ ಕಾಯಿಲ್ ಮೇಲೇ, ಅಂದ್ರೆ ನೀರು ಕಾಯಿಸೋ ಕಡ್ಡಿ ಮೇಲೇ ಗಟ್ಟಿಯಾಗಿ ಕೂರತ್ತೆ. ಕಾಯಿಲ್‌ನ ಬಿಸಿ ನೀರಿಗೆ ಸರಿಯಾಗಿ ಹೋಗದೆ ಅಲ್ಲೇ ಸಿಕ್ಕಿಹಾಕ್ಕೊಂಡು, ಪಕ್ಕದಲ್ಲಿರೋ, ಬಿಸಿ ನೋಡಿ ಆನ್ ಆಫ್ ಮಾಡೋ ಥರ್ಮೋಸ್ಟಾಟ್ ನೀರೇ ಕಾದೋಯ್ತು ಅಂದ್ಕೊಂಡು ಆಫ್ ಮಾಡ್ಬಿಡತ್ತೆ. ಲೈಟ್ ಎರಡೇ ನಿಮಿಷಕ್ಕೆ ಆರಿಹೋಗತ್ತೆ ಆದ್ರೆ ನೀರು ತಣ್ಣಗೇ ಇದೆ, ಅಥವಾ ಒಳಗೆ ಚಟಚಟ ಅಂತ ಶಬ್ದ ಬರ್ತಿದೆ, ಒಂದು ಬಕೆಟ್ ತುಂಬೋದ್ರೊಳಗೆ ಬಿಸಿ ಮುಗಿದೋಗತ್ತೆ, ಇವೆಲ್ಲ ಹೆಚ್ಚಾಗಿ ಸುಣ್ಣದ್ದೇ ಲಕ್ಷಣ. ಟಿಡಿಎಸ್ ಪೆನ್ ಅದ್ದಿ ನಂಬರ್ ನೋಡಿ ತೀರ್ಮಾನ ಮಾಡ್ಬೇಡಿ, ಅದು ಕರಗಿರೋ ಎಲ್ಲಾ ಉಪ್ಪನ್ನೂ ಸೇರಿಸಿ ತೋರ್ಸತ್ತೆ. ಗಡಸುತನಕ್ಕೆ ಬೇರೆ ಟೆಸ್ಟ್ ಇದೆ, ಕುಡಿಯೋ ನೀರಿನ ಸ್ಟ್ಯಾಂಡರ್ಡ್ ಪ್ರಕಾರ ಲೀಟರ್‌ಗೆ 200 ಮಿಲಿಗ್ರಾಂ ಒಳಗಿದ್ರೆ ಒಳ್ಳೇದು, ಬೇರೆ ನೀರೇ ಇಲ್ಲ ಅಂದ್ರೆ 600ರ ತನಕ ಪರವಾಗಿಲ್ಲ ಅಂತಾರೆ.

ಇನ್ನು ವೋಲ್ಟೇಜ್. ಇದನ್ನ ಯಾರೂ ನೋಡಲ್ಲ. 2000 ವಾಟ್ ಅಂತ ಬರೆದಿರೋದು 230 ವೋಲ್ಟ್ ಇದ್ದಾಗ ಮಾತ್ರ, ಬೆಳಗ್ಗೆ ಬೀದಿಯವರೆಲ್ಲ ಒಟ್ಟಿಗೆ ಮೋಟರ್ ಹಾಕಿ ವೋಲ್ಟೇಜ್ 180ಕ್ಕೆ ಇಳಿದ್ರೆ ಅದೇ ಕಾಯಿಲ್ ಸುಮಾರು 1225 ವಾಟ್ ಅಷ್ಟೇ ಕೆಲಸ ಮಾಡೋದು. ಲೆಕ್ಕ ಹಾಕಿದ್ರೆ 15 ಲೀಟರ್ ನೀರು 20 ಡಿಗ್ರಿಯಿಂದ 50ಕ್ಕೆ ಬರೋಕೆ ಸರಿಯಾದ ಕರೆಂಟಲ್ಲಿ 16 ನಿಮಿಷ, 180 ವೋಲ್ಟಲ್ಲಿ 26 ನಿಮಿಷ. ಅದಕ್ಕೇ ಒಂದ್ಸಲ ಮಧ್ಯಾಹ್ನ ಲೈನಲ್ಲಿ ಲೋಡ್ ಕಮ್ಮಿ ಇರೋವಾಗ ಗೀಸರ್ ಹಾಕಿ ಟೈಮ್ ನೋಡಿ. ಮಧ್ಯಾಹ್ನ ಬೇಗ ಕಾದು ಬೆಳಗ್ಗೆ ಮಾತ್ರ ಲೇಟಾದ್ರೆ ಗೀಸರ್ ಚೆನ್ನಾಗೇ ಇದೆ, ಲೈನ್ ಸರಿಯಿಲ್ಲ. ಆಗ ಕರೆಂಟ್ ಕಂಪನಿ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಲೋ ವೋಲ್ಟೇಜ್ ಅಂತ ದೂರು ಬರೆಸಿ, ದೂರಿನ ನಂಬರ್ ತಪ್ಪದೆ ಇಸ್ಕೊಳ್ಳಿ, ಅಕ್ಕಪಕ್ಕದವರೂ ಬರೆಸಿದ್ರೆ ಇನ್ನೂ ಒಳ್ಳೇದು.

ಕರೆಂಟ್ ಟ್ರಿಪ್ ಆಗ್ತಿದ್ರೆ ಯಾವುದು ಬೀಳ್ತಿದೆ ನೋಡಿ. ಎಂಸಿಬಿ, ಅಂದ್ರೆ ಫ್ಯೂಸ್ ಬದಲಿಗೆ ಹಾಕೋ ಸ್ವಿಚ್ ಬಿದ್ರೆ ಶಾರ್ಟ್ ಅಥವಾ ಓವರ್‌ಲೋಡ್. ಟೆಸ್ಟ್ ಅಂತ ಬಟನ್ ಇರೋ ಆರ್‌ಸಿಸಿಬಿ ಬಿದ್ರೆ ಕರೆಂಟ್ ಎಲ್ಲೋ ಲೀಕ್ ಆಗ್ತಿದೆ ಅಂತ, ಗೀಸರ್ ಹಾಕಿದಾಗ ಮಾತ್ರ ಹಾಗಾದ್ರೆ ಕಾಯಿಲ್ ಬಿರುಕು ಬಿಟ್ಟಿರೋ ಸಾಧ್ಯತೆ ಜಾಸ್ತಿ. ಅದು ಪದೇ ಪದೇ ಬೀಳ್ತಿದೆ ಅಂತ ಅದನ್ನೇ ತೆಗೆಸಿ ಡೈರೆಕ್ಟ್ ಕನೆಕ್ಷನ್ ಕೊಡಿಸ್ಕೊಳ್ಳೋರು ಇದ್ದಾರೆ, ಕೈ ಮುಗಿದು ಕೇಳ್ಕೋತೀನಿ, ಆ ಕೆಲಸ ಮಾತ್ರ ಮಾಡ್ಬೇಡಿ, ಒದ್ದೆ ಮೈಯಲ್ಲಿ ನಿಂತಿರೋರನ್ನ ಕಾಪಾಡೋದು ಅದೇ. ನಲ್ಲಿ ಮುಟ್ಟಿದ್ರೆ ಜುಂ ಅಂದ್ರೆ ಅವತ್ತೇ ಗೀಸರ್ ಬಂದ್ ಮಾಡಿ, ಕಾಯಿಲ್ ಜೊತೆ ಅರ್ತಿಂಗ್ ಕೂಡ ಎಲೆಕ್ಟ್ರಿಷಿಯನ್ ಕೈಲಿ ಚೆಕ್ ಮಾಡ್ಸಿ. ನಮ್ಮ ಬೇಸಿಗೇಲಿ ಅರ್ತಿಂಗ್ ಗುಂಡಿ ಒಣಗಿ ಹೋಗಿರತ್ತೆ, ಆಗಾಗ ಒಂದೆರಡು ಬಿಂದಿಗೆ ನೀರು ಹಾಕ್ತಾ ಇರಿ.

ಈಗ ಕ್ಲೀನಿಂಗ್ ವಿಷಯ. ವೈರ್ ಕೆಲಸ ಗೊತ್ತಿರೋರು ಮಾತ್ರ ಕೈ ಹಾಕಿ, ಇಲ್ಲದಿದ್ರೆ ಮೆಕ್ಯಾನಿಕ್ ಕರೆಸಿ ಪಕ್ಕದಲ್ಲಿ ನಿಂತು ಮಾಡ್ಸಿ. ವಾರಂಟಿ ಇದ್ರಂತೂ ಕಂಪನಿಯವರೇ ಬಿಚ್ಚಲಿ. ಮೊದ್ಲು ಸ್ವಿಚ್ ಅಲ್ಲ, ಎಂಸಿಬಿನೇ ಇಳಿಸಿ, ಪ್ಲಗ್ ಇದ್ರೆ ಕಿತ್ತಿಡಿ. ಒಳಗಿನ ನೀರು ತಣ್ಣಗಾಗೋ ತನಕ ಕಾದು, ತಣ್ಣೀರು ಬರೋ ವಾಲ್ವ್ ಮುಚ್ಚಿ, ಬಿಸಿನೀರು ನಲ್ಲಿ ತೆಗೆದಿಟ್ಟು, ಕೆಳಗಿನ ಪೈಪ್ ಬಿಚ್ಚಿ ಬಕೆಟ್‌ಗೆ ನೀರು ಇಳಿಸಿ. ಕವರ್ ತೆಗೆದಾಗ ವೈರ್ ಯಾವುದು ಎಲ್ಲಿದೆ ಅಂತ ಫೋನಲ್ಲಿ ಫೋಟೋ ತಕ್ಕೊಳ್ಳಿ. ಆಮೇಲೆ ನಟ್ ಬಿಚ್ಚಿ ಕಾಯಿಲ್ ನಿಧಾನಕ್ಕೆ ಕೆಳಗೆ ಎಳೀರಿ, ಸುಣ್ಣ ದಪ್ಪ ಕಟ್ಟಿದ್ರೆ ಆ ತೂತಲ್ಲಿ ಸಲೀಸಾಗಿ ಬರಲ್ಲ, ಜಗ್ಗಾಡಬೇಡಿ, ಅಲುಗಾಡಿಸಿ ಅಲುಗಾಡಿಸಿ ಬಿಡಿಸಿ. ಸುತ್ತಿಗೆ, ಚಾಕು ಬೇಡ. ದಿನಸಿ ಅಂಗಡೀಲಿ ಸಿಗೋ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಒಂದು ಲೀಟರ್ ಬಿಸಿ ನೀರಿಗೆ ಐವತ್ತು ಗ್ರಾಂ ಹಾಕಿ, ವೈರ್ ಸಿಗಿಸೋ ತಲೆ ನೆನೆಯದ ಹಾಗೆ ಕಾಯಿಲ್ ಮಾತ್ರ ಪ್ಲಾಸ್ಟಿಕ್ ಬಕೆಟಲ್ಲಿ ಮುಳುಗ್ಸಿ, ಬುರುಗು ನಿಲ್ಲೋ ತನಕ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೀರಿ. ಬಚ್ಚಲು ತೊಳೆಯೋ ಆಸಿಡ್ ಹಾಕಿದ್ರೆ ಸುಣ್ಣದ ಜೊತೆ ಕಾಯಿಲ್‌ನೂ ತಿಂದುಹಾಕತ್ತೆ. ಟ್ಯಾಂಕ್ ತಳದಲ್ಲಿರೋ ಬಿಳಿ ಚೂರುಗಳನ್ನೂ ಕೈ ಹಾಕಿ ತೆಗೀರಿ.

ಕಾಯಿಲ್ ಪಕ್ಕದಲ್ಲಿ ಒಂದು ಮೆಗ್ನೀಸಿಯಂ ಕಡ್ಡಿ ಇರತ್ತೆ, ಆನೋಡ್ ಅಂತಾರೆ. ಟ್ಯಾಂಕ್ ತುಕ್ಕು ಹಿಡಿಯೋ ಬದಲು ತಾನೇ ಸವೆದು ಟ್ಯಾಂಕ್ ಉಳಿಸೋದು ಅದರ ಕೆಲಸ. ತೆಳ್ಳಗಾಗಿ ಒಳಗಿನ ಕಂಬಿ ಕಾಣ್ತಿದ್ರೆ ಬದಲಾಯಿಸಿ, ಕಾಯಿಲ್‌ಗೆ ಹೋಲಿಸಿದ್ರೆ ಅದು ಚಿಕ್ಕ ಖರ್ಚು, ಆದ್ರೂ ಹೆಚ್ಚಿನ ಮನೆಗಳಲ್ಲಿ ಅದನ್ನ ಯಾರೂ ನೋಡೇ ಇರಲ್ಲ. ವಾಷರ್ ಕೂಡ ಹೊಸದು ಹಾಕಿ, ಹಳೇದು ಒತ್ತಿ ಒತ್ತಿ ಗಟ್ಟಿಯಾಗಿರತ್ತೆ, ಲೀಕ್ ಆಗತ್ತೆ.

ಜೋಡಿಸಿದ ಮೇಲೆ ಕರೆಂಟ್ ಹಾಕೋಕೆ ಅವಸರ ಬೇಡ. ತಣ್ಣೀರು ವಾಲ್ವ್ ತೆಗೆದು ಬಿಸಿನೀರು ನಲ್ಲೀಲಿ ಗಾಳಿ ಎಲ್ಲ ಹೋಗಿ ನೀರು ಧಾರೆಯಾಗಿ ಬರೋ ತನಕ ಕಾಯಿರಿ, ಖಾಲಿ ಟ್ಯಾಂಕಲ್ಲಿ ಕಾಯಿಲ್ ಕಾದ್ರೆ ಕೂಡ್ಲೇ ಸುಟ್ಟೋಗತ್ತೆ. ಓವರ್‌ಹೆಡ್ ಟ್ಯಾಂಕಲ್ಲಿ ನೀರು ಖಾಲಿಯಾಗಿರೋ ದಿನಾನೂ ಇದೇ ಮಾತು, ಟ್ಯಾಂಕರ್ ಬರೋ ತನಕ ಗೀಸರ್ ಹಾಕ್ಬೇಡಿ. ಕಾಯೋವಾಗ ಸೇಫ್ಟಿ ವಾಲ್ವಿಂದ ತೊಟ್ಟು ತೊಟ್ಟು ನೀರು ಬಿದ್ರೆ ಅದು ರಿಪೇರಿ ಅಲ್ಲ, ನೀರು ಹಿಗ್ಗಿದ್ದು ಹೊರಗೆ ಬರ್ತಿದೆ ಅಷ್ಟೇ. ಧಾರೆಯಾಗಿ ಸುರೀತಿದ್ರೆ ವಾಲ್ವ್ ಬದಲಾಯಿಸಿ, ಆದ್ರೆ ಎಂಸೀಲ್ ಹಾಕಿ ಮುಚ್ಚಿದ್ರೆ ಟ್ಯಾಂಕ್ ಒಡೆಯೋ ಅಪಾಯ ಇದೆ.

ಮೆಕ್ಯಾನಿಕ್ ಬಂದು ನೋಡೋಕೂ ಮುಂಚೆನೇ "ಕಾಯಿಲ್ ಹೋಗೈತೆ ಸಾರ್" ಅಂದ್ರೆ "ಅಣ್ಣ, ಒಂದ್ಸಲ ಮೀಟರ್ ಇಟ್ಟು ತೋರ್ಸಿ" ಅಂತ ಮರ್ಯಾದೆಯಿಂದಲೇ ಕೇಳಿ, ಒಳ್ಳೆ ಕೆಲಸಗಾರರು ಬೇಜಾರು ಮಾಡ್ಕೊಳ್ಳಲ್ಲ. ರೇಟ್ ಮೊದ್ಲೇ ಮಾತಾಡಿ, ಹಳೇ ಪಾರ್ಟ್ ವಾಪಸ್ ಇಸ್ಕೊಳ್ಳಿ. ಹೊಸ ಕಾಯಿಲ್ ಹಾಕಿಸ್ಲೇಬೇಕು ಅಂದ್ರೆ ನಮ್ಮ ನೀರಿಗೆ ತಾಮ್ರಕ್ಕಿಂತ ಇಂಕೊಲಾಯ್ (ನಿಕ್ಕಲ್ ಬೆರೆಸಿದ ಮಿಶ್ರಲೋಹ) ಕಾಯಿಲ್ ಜಾಸ್ತಿ ತಾಳತ್ತೆ. ಟ್ಯಾಂಕೇ ತೂತಾಗಿ ಸೋರ್ತಿದ್ರೆ ಮಾತ್ರ ರಿಪೇರಿ ಮಾಡ್ಸಿ ಪ್ರಯೋಜನ ಇಲ್ಲ, ಹೊಸದು ತಗೊಳ್ಳಿ, ಐಎಸ್‌ಐ ಮಾರ್ಕ್ ನೋಡಿ, 16 ಆಂಪ್ ಸಾಕೆಟ್‌ಗೇ ಹಾಕ್ಸಿ.

ಥರ್ಮೋಸ್ಟಾಟ್ 50-55ರ ಹತ್ರ ಇಡಿ, ನೀರು ಜಾಸ್ತಿ ಕಾದಷ್ಟೂ ಸುಣ್ಣ ಜಾಸ್ತಿ ಕಟ್ಟತ್ತೆ. ಮಳೆ ನೀರು ಸಂಪಿಗೆ ಬಿಟ್ಕೊಂಡು ಬೋರ್ ನೀರಿನ ಜೊತೆ ಬೆರೆಸಿದ್ರೆ ಗಡಸು ಕಮ್ಮಿ ಆಗತ್ತೆ, ಸೂರಿಗೆ ಪೈಪ್ ಕಟ್ಟಿಸೋ ಖರ್ಚು ಕಾಯಿಲ್ ಉಳಿಯೋದ್ರಲ್ಲೇ ಸ್ವಲ್ಪ ಸ್ವಲ್ಪ ವಾಪಸ್ ಬರತ್ತೆ. ದೀಪಾವಳಿಗೆ ಮುಂಚೆ, ಚಳಿ ಶುರುವಾಗೋ ಮೊದ್ಲೇ ಬಿಚ್ಚಿ ತೊಳೆಸಿಡಿ, ಆಮೇಲೆ ಮೆಕ್ಯಾನಿಕ್‌ಗಳು ಫೋನೇ ಎತ್ತಲ್ಲ.

ವಾರಂಟಿ ಕಾರ್ಡಲ್ಲಿ ಟ್ಯಾಂಕ್‌ಗೆ ಎಷ್ಟು ವರ್ಷ, ಕಾಯಿಲ್‌ಗೆ ಎಷ್ಟು ವರ್ಷ ಅಂತ ಬೇರೆ ಬೇರೆ ಬರೆದಿರತ್ತೆ, ಗಡಸು ನೀರಿಗೆ ವಾರಂಟಿ ಇಲ್ಲ ಅಂತಾನೂ ಕೆಲವರು ಹಾಕಿರ್ತಾರೆ, ಅಂಗಡೀಲೇ ಓದಿ ಕೇಳಿ. ವಾರಂಟಿ ಒಳಗಿದ್ದೂ ಸರಿ ಮಾಡಿಕೊಡದಿದ್ರೆ 1915 ಗ್ರಾಹಕ ಸಹಾಯವಾಣಿಗೆ ಹೇಳಿ, ಅದಕ್ಕೂ ಬಗ್ಗದಿದ್ರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದ ತನಕ ಬೆಲೆಯ ವಸ್ತುವಿಗೆ ಶುಲ್ಕ ಇಲ್ಲ, ವಕೀಲರು ಬೇಕೇ ಬೇಕು ಅಂತಾನೂ ಇಲ್ಲ, ಬಿಲ್ಲು, ವಾರಂಟಿ ಕಾರ್ಡು, ನೀವು ಕಂಪನಿಗೆ ಕಳಿಸಿದ ದೂರಿನ ಕಾಪಿ ಜೋಡಿಸಿಟ್ಕೊಂಡಿರಿ.