ಸೋಪಾನಕ್ಕ ಸಹಿ ಹಾಕೋ ಮುಂಚೆ ಏನೇನ್ ನೋಡಬೇಕು: ಹೊಸ ಸ್ಕೌಟ್ ಮಾಸ್ತರ್‌ಗಳಿಗೆ

ಕೊಪ್ಪಳ, ರಾಯಚೂರು ಕಡೆ ಸಾಲಿಗಳಾಗ ಸ್ಕೌಟ್ಸ್ ಗೈಡ್ಸ್ ಜವಾಬ್ದಾರಿ ಹೊಸದಾಗಿ ಹೆಗಲಿಗೆ ಬಿದ್ದಿರೋ ಮಾಸ್ತರ್ರು, ಟೀಚರ್ರು ಎಲ್ಲಾರೂ ಕೇಳೋದು ಒಂದ, ಈ ಹುಡುಗಗ ಪಾಸ್ ಅಂತ ಯಾವುದಕ್ಕ ಸಹಿ ಹಾಕ್ಲಿ ಯಾವುದಕ್ಕ ಬಿಡ್ಲಿ ಅಂತ. ಸ್ಕೌಟ್ ಹುಡುಗರು ಏರೋ ಹಂತ, ಅಂದ್ರ ಸೋಪಾನ, ಅಂತೂ ಎಲ್ಲಾರಿಗೂ ಗೊತ್ತದಾವ, ಪ್ರವೇಶ, ಆಮೇಲೆ ಪ್ರಥಮ, ದ್ವಿತೀಯ, ತೃತೀಯ ಸೋಪಾನ, ಅದರ ಮ್ಯಾಲೆ ರಾಜ್ಯ ಪುರಸ್ಕಾರ, ಕೊನಿಗೆ ರಾಷ್ಟ್ರಪತಿ ಪುರಸ್ಕಾರ. ಗೊಂದಲ ಇರೋದು ಒಳಗಿನ ಒಂದೊಂದ್ ಐಟಂನ್ಯಾಗ.

ಮೊದಲನೇದು, ಈಗ ಚಾಲ್ತಿ ಇರೋ ಸಿಲಬಸ್ ಮುಂದಿಟ್ಕೊಳ್ರಿ. ಅದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯ ನಿಯಮದ ಪುಸ್ತಕ ಎಪಿಆರ್‌ಒದಾಗ ಐತಿ. ಎಪಿಆರ್‌ಒ ಭಾಗ 2 ಸ್ಕೌಟ್ಸ್‌ದು, ಭಾಗ 3 ಗೈಡ್ಸ್‌ದು. ಹಿಂದಿನ ಮಾಸ್ತರ್ ಬಿಟ್ಟುಹೋದ ಜೆರಾಕ್ಸ್ ನಂಬ್ಕೊಂಡು ಕೂಡಬ್ಯಾಡ್ರಿ. ಓದೋವಾಗ ವಾಕ್ಯದ ಕೊನಿ ನೋಡ್ರಿ, "ತಿಳಿದಿರಬೇಕು" ಅಂತ ಇದ್ರ ಬಾಯಿಲೆ ಹೇಳಿದ್ರ ಸಾಕು, "ಮಾಡಿ ತೋರಿಸಬೇಕು" ಅಂತ ಇದ್ರ ಕೈಲೆ ಮಾಡಬೇಕು, "ಇಷ್ಟ್ ದಿನ ಮಾಡಬೇಕು" ಅಂತ ಇದ್ರ ಅಷ್ಟ್ ದಿನ ಆಗಬೇಕು. ಅಲ್ಲಿ ಇದ್ದಷ್ಟು ಪೂರಾ ಕೇಳ್ರಿ, ಇಲ್ಲದ್ದು ಒಂದೂ ಕೇಳಬ್ಯಾಡ್ರಿ. ಕೆಲವ್ರು ತಮ್ಮ ದಳ ಭಾರಿ ಸ್ಟ್ರಿಕ್ಟ್ ಅಂತ ತೋರ್ಸಾಕ ಪುಸ್ತಕದಾಗ ಇಲ್ಲದ ನಾಟ್ (ಹಗ್ಗದ ಗಂಟು) ಎಲ್ಲಾ ಹಾಕ್ಸ್ತಾರ, ಪಾಪ 10 ವರ್ಷದ ಹುಡುಗ ಪ್ರವೇಶದಾಗ ಬೇಸತ್ತು ಸ್ಕಾರ್ಫ್ ಬಿಚ್ಚಿ ಇಡ್ತಾನ.

ನಾಟ್ ಪರೀಕ್ಷೆ ಹೆಂಗ್ ಮಾಡಬೇಕು ಅಂತ ಸ್ವಲ್ಪ ಹೇಳ್ತೀನಿ, ಯಾಕಂದ್ರ ಸುಮ್ಮಸುಮ್ಮನ ಸಹಿ ಬೀಳೋದು ಹೆಚ್ಚು ಇಲ್ಲೇ. ರೀಫ್ ನಾಟ್ ತಗೊಳ್ರಿ, ಬಲಗಡೆ ತುದಿ ಎಡದ ಮ್ಯಾಲೆ ಹಾಕಿ ಸುತ್ತಬೇಕು, ಆಮೇಲೆ ಎಡಗಡೆದು ಬಲದ ಮ್ಯಾಲೆ. ಎರಡೂ ಸಲ ಒಂದ ಕಡೆಯಿಂದ ಹಾಕಿದ್ರ ಅದು ಗ್ರ್ಯಾನಿ ನಾಟ್ ಆಗ್ತೈತಿ, ದೂರಿಂದ ಎರಡೂ ಒಂದ ಕಾಣ್ತಾವ. ಹತ್ರ ಹೋಗಿ ನೋಡ್ರಿ, ರೀಫ್‌ನ್ಯಾಗ ತುದಿ ಉದ್ದ ಹಗ್ಗದ ಜೋಡಿ ಸಮಾ ಮಲಗಿರ್ತೈತಿ, ಗ್ರ್ಯಾನಿಯಾಗ ಅಡ್ಡ ನಿಂತಿರ್ತೈತಿ, ಜಗ್ಗಿದ್ರ ಜಾರ್ತೈತಿ. ಹುಡುಗ ಗ್ರ್ಯಾನಿ ಹಾಕಿದ್ರ ಫೇಲ್ ಅಂತ ಬೈಯೋದೇನ್ ಬ್ಯಾಡ, ತೋರ್ಸಿ ಮುಂದಿನ ವಾರ ಬಾ ಅನ್ರಿ. ಮತ್ತ ಬರೇ ಹಗ್ಗ ಕೊಟ್ಟು ಹಾಕ್ಸಬ್ಯಾಡ್ರಿ, ಇನ್ನೊಬ್ಬನ ಕೈಗೆ ಬ್ಯಾಂಡೇಜ್ ಕಟ್ಟಿಸಿ ನೋಡ್ರಿ, ನಾಟ್ ಯಾಕ ಕಲಿಸ್ತಾರ ಅನ್ನೋದು ಅವನಿಗೂ ಅವಾಗ ತಿಳಿತೈತಿ.

ಪಟ್ರೋಲ್ ಲೀಡರ್, ಅಂದ್ರ ಹುಡುಗರ ಸಣ್ಣ ಗುಂಪಿನ ನಾಯಕ, ಕಲಿಸಲಿ, ತಪ್ಪಿಲ್ಲ, ಕಲಿಸ್ಬೇಕು ಕೂಡ. ಆದ್ರ ಕಲಿಸಿದವನೇ ಪಾಸ್ ಮಾಡೋದು ಬ್ಯಾಡ, ಮುಂದ ತೊಂದ್ರಿ ಆಗ್ತೈತಿ. ಮೇಲಿನ ಹಂತದ ಪರೀಕ್ಷಾ ಶಿಬಿರಕ್ಕ ಹೊರಗಿನ ಪರೀಕ್ಷಕರು ಬರ್ತಾರ, ಅಲ್ಲಿ ನಿಮ್ಮ ಸಹಿ ಹುಡುಗನ ಪರವಾಗಿ ನಾಟ್ ಹಾಕಂಗಿಲ್ಲ.

ಇನ್ನ ಡೈರಿ. ಪ್ರವೇಶದಾಗ ದಿನಾ ಒಂದು ಒಳ್ಳೆ ಕೆಲಸ ಮಾಡಿ ಬರಿಯೋದು ಇರ್ತೈತಲ್ಲ, ಪೂರ್ತಿ ತಿಂಗಳು ಒಂದ ಪೆನ್ನು, ಒಂದ ಅಕ್ಷರ, "ಮುದುಕಿಗೆ ರಸ್ತೆ ದಾಟಿಸಿದೆ" ಅಂತ ಹತ್ತು ಸಲ ಬರೆದಿದ್ರ ಅದು ಹಿಂದಿನ ರಾತ್ರಿ ಬರೆದದ್ದು, ಅವನ ಓಣ್ಯಾಗ ದಾಟಿಸುವಂಥ ರಸ್ತೇನ ಇರಂಗಿಲ್ಲ. ಅದ ಇನ್ನೊಬ್ಬ "ಅವ್ವ ಹತ್ತಿ ಬಿಡಿಸಾಕ ಹೋಗಿದ್ಲು, ನೀರು ತುಂಬಿ ತಂಗಿಗೆ ಊಟ ಬಡಿಸಿದೆ" ಅಂತ ಸೊಟ್ಟ ಸೊಟ್ಟ ಬರೆದಿದ್ರ ಕಣ್ಣು ಮುಚ್ಚಿ ಸಹಿ ಹಾಕ್ರಿ, ಕಾಗುಣಿತ ತಪ್ಪು ನೋಡಬ್ಯಾಡ್ರಿ, ಅದು ಕನ್ನಡ ಪರೀಕ್ಷೆ ಅಲ್ಲ.

ಒಂದ ಹೈಕ್‌ನ ಎರಡು ಮೂರು ಐಟಂಗೆ ಹಿಡಿಬಹುದಾ ಅಂತ ಕೇಳ್ತಾರ. ನನ್ನ ಪ್ರಕಾರ ಹಿಡಿಬಹುದು, ಬೇರೆ ಬೇರೆ ಕೆಲಸ ಆಗಿದ್ರ. ಕೊಪ್ಪಳದಿಂದ ಪಾಲ್ಕಿಗುಂಡಿನ ಅಶೋಕನ ಶಾಸನ ನೋಡಾಕ ನಡಕೊಂಡು ಹೋದ್ರಿ ಅನ್ಕೊಳ್ರಿ, ದಾರಿಯಾಗ ದಿಕ್ಸೂಚಿ ಹಿಡಿದು ನಕ್ಷೆ ನೋಡಿದವಂಗ ಅದರ ಕ್ರೆಡಿಟ್, ಸಾಲಿಗೆ ವಾಪಸ್ ಬಂದು ಒಲಿ ಹಚ್ಚಿ ಅನ್ನ ಮಾಡಿದವಂಗ ಅಡಿಗಿದು (ಶಾಸನದ ಬಂಡೆಗಲ್ಲಿನ ಹತ್ರ ಒಲಿ ಹಚ್ಚಬ್ಯಾಡ್ರಿ ಮತ್ತ). ಇಬ್ಬರು ಅಡಿಗಿ ಮಾಡಿ ಆರು ಮಂದಿ ಉಂಡ್ರ ಎಂಟು ಮಂದಿಗೂ ಬರಿಯೋದು ಮಾತ್ರ ನಡಿಯಂಗಿಲ್ಲ. ಗವಿಮಠದ ಜಾತ್ರ್ಯಾಗ ಸೇವಾ ಮಾಡಿದ್ದೂ ಹಂಗ, ಫೋಟೋದಾಗ ನಿಂತವ್ರಿಗಲ್ಲ, ನೀರು ಕೊಟ್ಟವ್ರಿಗೆ, ಸಾಲು ನಿಲ್ಲಿಸಿದವ್ರಿಗೆ.

ಈಜುಗಾರ ಬ್ಯಾಡ್ಜ್‌ಗೆ ಅಂತ ಹುಡುಗರನ್ನ ತುಂಗಭದ್ರಾ ಎಡದಂಡೆ ಕಾಲುವಿಗೆ ಇಳಿಸಬ್ಯಾಡ್ರಿ. ಈಜುಕೊಳ ಇಲ್ಲಂದ್ರ ಸೈಕಲ್ ಬ್ಯಾಡ್ಜೋ ತೋಟಗಾರಿಕೆದೋ ಹಿಡಿರಿ, ಕಾಲುವಿ ಸೆಳವು ಬ್ಯಾಡ್ಜ್ ನೋಡಂಗಿಲ್ಲ.

ಗುಳೆ ಹೋಗೋ ಮಕ್ಕಳ ಲೆಕ್ಕ ನಮ್ಮ ಕಡೆ ದೊಡ್ಡ ಪ್ರಶ್ನೆ. ಅಪ್ಪ ಅವ್ವನ ಜೋಡಿ ಬೆಂಗಳೂರಿಗೋ ಗೋವಾಕ್ಕೋ ಹೋಗಿ ತಿಂಗಳುಗಟ್ಟಲೆ ಬರಂಗಿಲ್ಲ. ಒಂದು ಹಂತಕ್ಕೂ ಮುಂದಿನ ಹಂತಕ್ಕೂ ನಡುವೆ ಇಷ್ಟ್ ತಿಂಗಳು ದಳದಾಗ ಕೆಲಸ ಮಾಡಿರಬೇಕು ಅಂತ ಇರ್ತೈತಿ, ಇಲ್ಲದ ತಿಂಗಳು ಇದ್ದಂಗ ಬರಿಯಾಕ ಬರಂಗಿಲ್ಲ. ಆದ್ರ ಮೊದಲು ಪಾಸಾಗಿದ್ದನ್ನ ಅಳಿಸಿ ಮತ್ತ ಪ್ರವೇಶದಿಂದ ಶುರು ಮಾಡ್ಸೋದು ಅದಕ್ಕಿಂತ ದೊಡ್ಡ ತಪ್ಪು. ಬಂದ ಮ್ಯಾಲೆ ಎಲ್ಲಿ ಬಿಟ್ಟಿದ್ನೋ ಅಲ್ಲಿಂದ ಹಿಡಿರಿ. ಏಳನೇತ್ತ ಮುಗಿಸಿ ಬೇರೆ ಹೈಸ್ಕೂಲಿಗೆ ಹೋಗೋವ್ರಿಗೂ ಇದ, ಟಿಸಿ ಜೋಡಿ ಲಾಗ್ ಬುಕ್ಕೂ ಕೈಯಾಗ ಕೊಟ್ಟು ಕಳಿಸ್ರಿ. ಒಂದೊಂದ್ ಐಟಂ ಮುಂದ ಅದು ಪಾಸಾದ ದಿನದ ತಾರೀಖು ಹಾಕಿರ್ರಿ, ಬ್ಯಾಡ್ಜ್ ಹಂಚಿದ ದಿನದ್ದಲ್ಲ. ಮುಂದ ಯಾವನಾದ್ರೂ ರೈಲ್ವೆಯ ಸ್ಕೌಟ್ಸ್ ಕೋಟಾಕ್ಕ ಅರ್ಜಿ ಹಾಕಿದ್ರ ದಾಖಲೆ ತಿರುವಿ ನೋಡ್ತಾರ, ಅವಾಗ ತಾರೀಖು ಒಂದಕ್ಕೊಂದು ಕೂಡಬೇಕು.