ನಮ್ಮ ಫೋನಿನ ಮೈಕು ನಮಗೆ ಕೇಳುವುದಿಲ್ಲ

ಶಿರಸಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಸೆಕೆಂಡ್ ಹ್ಯಾಂಡ್ ಫೋನನ್ನೂ ಮಾರುತ್ತೇನೆ. ಕೊಳ್ಳಲು ಬಂದವರು ಕ್ಯಾಮೆರಾ ನೋಡುತ್ತಾರೆ, ಬ್ಯಾಟರಿ ಬಗ್ಗೆ ಕೇಳುತ್ತಾರೆ. ಕೊನೆಗೆ ಯಾರಿಗೋ ಒಂದು ಕಾಲ್ ಮಾಡಿ, "ಹಲೋ, ಕೇಳ್ತಾ?" ಅಂದು ಜೇಬಿಗೆ ಹಾಕಿಕೊಳ್ಳುತ್ತಾರೆ. ಅದರಿಂದ ಗೊತ್ತಾಗುವುದು ಕಿವಿಗೆ ಹಿಡಿಯುವ ಸ್ಪೀಕರ್ ಸರಿ ಇದೆ ಅಂತ ಮಾತ್ರ. ಮೈಕು ಹೇಗಿದೆ ಅನ್ನುವುದು ಆ ಕಡೆಯವರಿಗೇ ಗೊತ್ತು. ಅವರು ಸಂಕೋಚಕ್ಕೆ "ಕೇಳ್ತು ಕೇಳ್ತು" ಅಂದುಬಿಡುತ್ತಾರೆ!

ಅದಕ್ಕೇ ನಾನು ಉಲ್ಟಾ ಮಾಡುತ್ತೇನೆ. ಪರೀಕ್ಷೆಗೆ ಬಂದ ಫೋನನ್ನು ಅಂಗಡಿ ಹುಡುಗನ ಕೈಗೆ ಕೊಡುತ್ತೇನೆ. ಚೆನ್ನಾಗಿದೆ ಅಂತ ಗೊತ್ತಿರುವ ನನ್ನ ಫೋನ್ ಹಿಡಿದು ಹೊರಗೆ ಹೋಗುತ್ತೇನೆ, ಅವನ ನೇರ ಮಾತು ಕಿವಿಗೆ ಬೀಳದಷ್ಟು ದೂರ. ಅವನು ಚೀಟಿ ನೋಡಿ ಓದುತ್ತಾನೆ, ನಾನು ಕೇಳಿಸಿದ್ದನ್ನು ಬರೆದುಕೊಳ್ಳುತ್ತೇನೆ. ಚೀಟಿಯಲ್ಲಿ ಏನಿದೆ ಅಂತ ನನಗೆ ಮೊದಲೇ ಗೊತ್ತಿರಬಾರದು. ಗೊತ್ತಿದ್ದರೆ ಅರ್ಧ ಕೇಳಿದರೂ ತಲೆ ಉಳಿದದ್ದನ್ನು ತುಂಬಿಕೊಳ್ಳುತ್ತದೆ. ಹಾಗಾಗಿ ಚೀಟಿಯನ್ನು ಅವನೇ ಬರೆಯಬೇಕು, ಪ್ರತಿಸಲ ಹೊಸದು.

ಅದರಲ್ಲಿ ಎರಡು ಬಗೆಯ ಸರಕು ಇರುತ್ತದೆ. ಒಂದು, ಅಡಿಕೆ ರೇಟಿನಂಥ ಸಂಖ್ಯೆಗಳು. ಚಾಲಿ ಅಡಿಕೆ ಎಷ್ಟು, ರಾಶಿ ಅಡಿಕೆ ಎಷ್ಟು ಅಂತ ಇಲ್ಲಿನವರು ದಿನಾ ಫೋನಿನಲ್ಲೇ ಮಾತಾಡುವುದು. ಐವತ್ತಾರು, ಅರವತ್ತೇಳು ಅನ್ನುವಾಗ ಒಂದಕ್ಷರ ತಪ್ಪಿದರೆ ಕ್ವಿಂಟಲ್ ಲೆಕ್ಕದಲ್ಲಿ ಜಾಸ್ತಿ ದುಡ್ಡೇ ಆಚೀಚೆ ಆಗುತ್ತದೆ ಅಲ್ವಾ? ಇನ್ನೊಂದು, ಒಂದೇ ಥರ ಕೇಳುವ ಜೋಡಿಗಳು: ಸೈಟು-ಫೈಟು, ಸೀಟು-ಫೀಟು, ಹಳ್ಳಿ-ಹಲ್ಲಿ, ಮನೆ-ಮಣೆ.

ಈ ಜೋಡಿಗಳು ಸುಮ್ನೆ ಬಂದಿದ್ದಲ್ಲ. ಹಳೆ ರೀತಿಯ ಫೋನ್ ಕರೆಯಲ್ಲಿ 300ರಿಂದ 3400 ಹರ್ಟ್ಜ್ ವರೆಗಿನ ದನಿ ಮಾತ್ರ ಹೋಗುತ್ತದೆ. 'ಸ'ದ ಸುಯ್ ಅನ್ನುವ ಸದ್ದು ಹೆಚ್ಚಾಗಿ ಅದಕ್ಕಿಂತ ಮೇಲಿರುತ್ತದೆ. ಅದು ಕತ್ತರಿಸಿಹೋದರೆ ಸೈಟು ಯಾವುದು, ಫೈಟು ಯಾವುದು ಅಂತ ತಿಳಿಯುವುದು ಕಷ್ಟ. ಎಚ್‌ಡಿ ವಾಯ್ಸ್ ಅನ್ನುವ ಕರೆಯಲ್ಲಿ 50ರಿಂದ 7000 ಹರ್ಟ್ಜ್ ವರೆಗೆ ಬರುತ್ತದೆ, ಆಗ 'ಸ' ಸ್ಪಷ್ಟ. ಹಾಗಾಗಿ ಬರೀ ಸೈಟು-ಫೈಟು ತಪ್ಪಿದರೆ ನಾನು ಮೊದಲು ನೋಡುವುದು ವಿಓಎಲ್‌ಟಿಇ, ಅಂದರೆ ಎಚ್‌ಡಿ ವಾಯ್ಸ್ ಕೊಡುವ 4ಜಿ ಕರೆ, ಆನ್ ಇದೆಯಾ ಅಂತ. ಎರಡೂ ಕಡೆ ಇರಬೇಕು. ಒಂದು ಕಡೆ 2ಜಿಗೆ ಇಳಿದರೂ ದನಿ ಬಡವಾಗುತ್ತದೆ. ಹಳ್ಳಿ-ಹಲ್ಲಿಯೂ ತಪ್ಪತೊಡಗಿದರೆ ಮಾತ್ರ ಮೈಕಿನ ಮೇಲೆ ಅನುಮಾನ.

ನೆಟ್‌ವರ್ಕಿನದೋ ಫೋನಿನದೋ ಅಂತ ಬಿಡಿಸುವುದು ಸುಲಭ. ಅದೇ ಸಿಮ್ ತೆಗೆದು ಒಳ್ಳೆ ಫೋನಿಗೆ ಹಾಕಿ, ಅದೇ ಜಾಗದಲ್ಲಿ ನಿಂತು ಇನ್ನೊಂದು ಚೀಟಿ ಓದಿಸುವುದು. ವೈಫೈ ಮೇಲೆ ವಾಟ್ಸ್ಆ್ಯಪ್ ಕಾಲ್ ಮಾಡಿಯೂ ನೋಡಬಹುದು. ಅಲ್ಲೂ ಹಾಗೇ ಗೊಗ್ಗರಾಗಿ ಕೇಳಿದರೆ ಟವರನ್ನು ಬೈದು ಪ್ರಯೋಜನವಿಲ್ಲ. ಆಮೇಲೆ ಸ್ಪೀಕರ್ ಫೋನಿಗೆ ಹಾಕಿಸುತ್ತೇನೆ. ಸ್ಪೀಕರಿನಲ್ಲಿ ಚೆನ್ನಾಗಿ, ಕಿವಿಗೆ ಹಿಡಿದಾಗ ಕೆಟ್ಟದಾಗಿ ಕೇಳಿದರೆ ಎಷ್ಟೋ ಸಲ ಕೆಳಗಿನ ಮೈಕೇ ಹೋಗಿರುತ್ತದೆ, ಯಾಕೆಂದರೆ ಹಲವು ಫೋನುಗಳು ಎರಡಕ್ಕೂ ಬೇರೆ ಬೇರೆ ಮೈಕು ಬಳಸುತ್ತವೆ. ಸಿಮ್ ಟ್ರೇ ತೂತು ಅಂದುಕೊಂಡು ಮೈಕಿನ ತೂತಿಗೆ ಪಿನ್ ಚುಚ್ಚಿ ತಂದವರನ್ನು ಕಂಡು ಕಂಡು ಸಾಕಾಗಿದೆ.

ಗದ್ದಲದ ಪರೀಕ್ಷೆಯೇ ನನಗೆ ಇಷ್ಟ. ಮೇಲೆ ಅಥವಾ ಹಿಂದೆ ಇರುವ ಎರಡನೇ ಮೈಕು ಸುತ್ತಲಿನ ಸದ್ದು ಹಿಡಿಯುತ್ತದೆ. ಎರಡನ್ನೂ ಹೋಲಿಸಿ ಗದ್ದಲ ಕಳೆಯುವುದು ಫೋನಿನ ಲೆಕ್ಕ. ಮಳೆಗಾಲದಲ್ಲಿ ನಮ್ಮ ತಗಡಿನ ಮಾಡಿನ ಕೆಳಗೆ ನಿಂತು ಮಾತಾಡಿಸಿ ನೋಡಬೇಕು! ಒಂದೇ ಸಮನೆ ಬರುವ ಆ ಸದ್ದನ್ನು ಒಳ್ಳೆ ಫೋನು ಸಾಕಷ್ಟು ಕಳೆಯುತ್ತದೆ, ಮಾತು ಸ್ವಲ್ಪ ತೆಳುವಾಗುತ್ತದೆ ಅಷ್ಟೇ. ಚಂಡೆ ಸದ್ದಿನಲ್ಲಿ ಆಟ ಬೇರೆ. ಪೆಟ್ಟು ಯಾವಾಗ ಬೀಳುತ್ತದೆ ಅಂತ ಫೋನಿಗೆ ಅಂದಾಜಿಲ್ಲ, ಪೆಟ್ಟಿನ ಜೊತೆ ಮಾತಿನ ತುಂಡೂ ಹಾರಿಹೋಗುತ್ತದೆ. ಇನ್ನು ಹಿಂದಿನ ತೂತು ಮುಚ್ಚುವ ದಪ್ಪ ಪೌಚ್ ಹಾಕಿದ್ದರೆ ಲೆಕ್ಕವೇ ತಪ್ಪುತ್ತದೆ. ಪೌಚ್ ತೆಗೆದು ಒಮ್ಮೆ, ಹಾಕಿ ಒಮ್ಮೆ ಕೇಳುವುದನ್ನು ನಾನು ಬಿಡುವುದಿಲ್ಲ.

ಗಾಳಿಗೆ ಕಾರವಾರವೇ ಆಗಬೇಕು. ನನ್ನ ಭಾವ ಅಲ್ಲಿದ್ದಾನೆ. ಅವನ ಕೈಗೆ ಫೋನ್ ಸಿಕ್ಕಿದಾಗ ಟಾಗೋರ್ ಕಡಲತೀರಕ್ಕೆ ಹೋಗಿ ಓದಲು ಹೇಳುತ್ತೇನೆ. ಅಲೆಗಳ ಸದ್ದು ದೊಡ್ಡ ತೊಂದರೆ ಅಲ್ಲ, ಗಾಳಿಯದೇ ರಗಳೆ. ಅದು ಮೈಕಿನ ಬಾಯಲ್ಲೇ ಸುಳಿದು ಅಲ್ಲೇ ಸದ್ದು ಹುಟ್ಟಿಸುತ್ತದೆ. ಎರಡು ಮೈಕಿನಲ್ಲಿ ಎರಡು ಥರ ಹುಟ್ಟುವುದರಿಂದ ಹೋಲಿಸಿ ಕಳೆಯುವ ಲೆಕ್ಕ ಅಲ್ಲಿ ನಡೆಯುವುದಿಲ್ಲ. ಗಾಳಿಗೆ ಬೆನ್ನು ಹಾಕಿ ನಿಲ್ಲು ಅಂದರೆ ಬೇಕಾದಷ್ಟು ಸುಧಾರಿಸುತ್ತದೆ.

ಎರಡೂ ಕಡೆಯವರು ಒಟ್ಟಿಗೆ ಮಾತಾಡಿಯೂ ನೋಡಬೇಕು. ನಮ್ಮಲ್ಲಿ ಆ ಕಡೆಯವರು ಮಾತಾಡುವಷ್ಟು ಹೊತ್ತೂ "ಹ್ಞೂಂ, ಹ್ಞೂಂ" ಅನ್ನುತ್ತಲೇ ಇರುತ್ತೇವೆ. ಕೆಲವು ಫೋನುಗಳು ಸ್ಪೀಕರಿನಲ್ಲಿದ್ದಾಗ ಪ್ರತಿ ಹ್ಞೂಂಗೂ ಒಂದು ಪದ ನುಂಗುತ್ತವೆ. ನಿಮ್ಮ ಮಾತು ನಿಮಗೇ ಮರಳಿ ಕೇಳಿಸಿದರೆ ಸಾಮಾನ್ಯವಾಗಿ ತಪ್ಪು ಆ ಕಡೆಯ ಫೋನಿನದು. ಇದನ್ನು ಗಿರಾಕಿಗೆ ನಂಬಿಸುವುದೇ ಕಷ್ಟ.

ದನಿಗೆ 1ರಿಂದ 5ರ ವರೆಗೆ ಅಂಕ ಕೊಡುವ ಪದ್ಧತಿ ಇದೆ. ತುಂಬಾ ಜನ ಕೇಳಿ ಸರಾಸರಿ ತೆಗೆದರೆ ಅದಕ್ಕೆ ಅರ್ಥ. ನಾನೊಬ್ಬನೇ ಅಂಕ ಕೊಟ್ಟರೆ ಆ ದಿನದ ನನ್ನ ಮೂಡು ಹೇಳಿದಂತೆ ಆಗುತ್ತದೆ. ನಾನು ತಪ್ಪಿದ ಪದಗಳನ್ನಷ್ಟೇ ಎಣಿಸುತ್ತೇನೆ.

ಈಚೆಗೆ ಜಾಸ್ತಿ ಬರುವ ದೂರು ಬ್ಲೂಟೂತ್ ಇಯರ್‌ಬಡ್‌ನದು. "ಹಾಡು ಚೆನ್ನಾಗಿ ಕೇಳುತ್ತದೆ, ಕಾಲ್ ಮಾತ್ರ ಡಬ್ಬದೊಳಗಿಂದ ಬಂದ ಹಾಗೆ" ಅಂತ. ಮೈಕು ಶುರುವಾದ ಕೂಡಲೇ ಬ್ಲೂಟೂತ್ ಹಾಡಿನ ದಾರಿ ಬಿಟ್ಟು ಕರೆಯ ದಾರಿಗೆ ಬರುತ್ತದೆ, ಅದು ಕಿರಿದು. ಅಂಥವರ ಫೋನನ್ನು ನಾನು ಬಿಚ್ಚುವುದಿಲ್ಲ. ಬಡ್ ತೆಗೆಸಿ, ಕಿವಿಗೆ ಹಿಡಿದು ಮಾತಾಡಿಸುತ್ತೇನೆ. ಸರಿಯಾಗಿ ಕೇಳಿದರೆ ದುಡ್ಡೂ ತೆಗೆದುಕೊಳ್ಳುವುದಿಲ್ಲ.